ಟೋನ್ ಬಾರ್ ಕೊಳ್ಳೋ ಮುಂಚೆ ಮಣಿಕಟ್ಟನ್ನೂ ಒಂದ್ಮಾತು ಕೇಳಿ

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅನ್ನೋ ಮಾತನ್ನ ನೀವೂ ಕೇಳಿರ್ತೀರಿ. ಆ ಕನಕಗಿರಿಯೇ ನನ್ನೂರು. ಎರಡು ವರ್ಷದ ಹಿಂದೆ ಜಾತ್ರೆಗೆ ಬೆಂಗಳೂರಿನಿಂದ ಹೋಗುವಾಗ ಹೊಸದಾಗಿ ಕಲಿಯುತ್ತಿದ್ದ ಸ್ಟೀಲ್ ಗಿಟಾರನ್ನೂ ಹೊತ್ತೊಯ್ದಿದ್ದೆ. ಪಡಸಾಲೆಯಲ್ಲಿ ಕೂತು ಐದು ನಿಮಿಷ ನುಡಿಸಿರಬೇಕು. ಭಜನೆಗಳಿಗೆ ನಲವತ್ತು ವರ್ಷ ಹಾರ್ಮೋನಿಯಂ ನುಡಿಸಿದ ಕಾಕಾ ಕೇಳಿದ್ದು ಒಂದೇ ಮಾತು: "ಯಾಕೋ ತಮ್ಮಾ, ತಂತಿ ಹಂಗ್ಯಾಕ ಕಿರ್ ಅನ್ನಾಕತ್ತೈತಿ?"

ನನ್ನ ಕೈಯೇ ಸರಿಯಿಲ್ಲ ಅಂದ್ಕೊಂಡೆ. ಗಿಟಾರ್ ಮಾರಿಬಿಡೋಣ ಅಂತಲೂ ಅನ್ನಿಸಿತ್ತು. ಆದರೆ ದೊಡ್ಡ ತಪ್ಪು ಇದ್ದದ್ದು ಕೈಯೊಳಗಿದ್ದ ಲೋಹದ ತುಂಡಿನಲ್ಲಿ.

ಆ ತುಂಡೇ ಟೋನ್ ಬಾರ್. ಸ್ಟೀಲ್ ಗಿಟಾರ್ ಅನ್ನೋ ಹೆಸರು ಬಂದಿದ್ದೂ ಅದರಿಂದಲೇ. 19ನೇ ಶತಮಾನದ ಕೊನೆಯಲ್ಲಿ ಹವಾಯಿಯ ಜೋಸೆಫ್ ಕೆಕುಕು ಬೆಳೆಸಿದ ಈ ಶೈಲಿ ನಮ್ಮಲ್ಲಿ ರಾಗಸಂಗೀತಕ್ಕೆ ಒಗ್ಗಿಕೊಂಡಿತು. 1967ರ 'ಕಾಲ್ ಆಫ್ ದ ವ್ಯಾಲಿ' ಆಲ್ಬಂನಲ್ಲಿ ಬ್ರಿಜ್ ಭೂಷಣ್ ಕಾಬ್ರಾ ಅವರ ಗಿಟಾರ್ ಕೇಳಿ, ಇದು ಹವಾಯಿಯದ್ದು ಅನ್ನಿಸೋದೇ ಇಲ್ಲ. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಕೂಡ ಸ್ಲೈಡ್ ಗಿಟಾರ್‌ನಲ್ಲಿ ಹಿಂದೂಸ್ತಾನಿ ನುಡಿಸುತ್ತಾರೆ. ಗದಗಿನ ಗವಾಯಿಗಳ ಹಾಡು ಕೇಳಿ ಬೆಳೆದ ಕಿವಿಗೆ ಬೇಕಾಗೋದು ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ಆ ಎಳೆತ. ಕಾಕಾನ ಹಾರ್ಮೋನಿಯಂಗೆ ಅದು ಸಾಧ್ಯವಿಲ್ಲ. ಸ್ಟೀಲ್ ಗಿಟಾರ್‌ಗೆ ಸಾಧ್ಯ, ಬಾರ್ ಸರಿಯಿದ್ದರೆ.

ನಾನು ಎಡವಿದ್ದು ಎರಡು ಸಲ

ಮೊದಲು ಕೊಂಡದ್ದು ಬೆರಳಿಗೆ ತೊಡುವ ಟೊಳ್ಳು ಸ್ಲೈಡ್. ಆನ್‌ಲೈನ್‌ನಲ್ಲಿ ಹುಡುಕಿದಾಗ ಮೊದಲು ಕಂಡಿದ್ದು ಅದೇ. ಅದು ಗಿಟಾರನ್ನ ಮಾಮೂಲಿಯಾಗಿ ಹಿಡಿದು ಬ್ಲೂಸ್ ನುಡಿಸೋರಿಗೆ ಸರಿ. ತೊಡೆಯ ಮೇಲೆ ಮಲಗಿಸಿ ನುಡಿಸೋ ನಮಗೆ ಬೇಕಾದ್ದು ಗಟ್ಟಿ ಬಾರ್. ಕಾಕಾ ಕೇಳಿದ 'ಕಿರ್' ಇದರದ್ದೇ.

ಸಿಟ್ಟಿನಲ್ಲಿ ಎರಡನೇ ಸಲ ಸಿಕ್ಕಿದ್ದರಲ್ಲೇ ಅತಿ ಭಾರದ್ದು ತರಿಸಿದೆ. ದನಿಯೇನೋ ಚೆನ್ನಾಗಿತ್ತು. ಆದರೆ ದಿನವಿಡೀ ಕೀಬೋರ್ಡ್ ಕುಟ್ಟಿ, ರಾತ್ರಿ ಒಂದು ಗಂಟೆ ಅದನ್ನ ಹಿಡಿದರೆ ಮಣಿಕಟ್ಟು ಬಿಟ್ಟೀತೇ? ತಿಂಗಳೊಳಗೆ ನೋವು ಶುರು. ಎರಡು ವಾರ ಗಿಟಾರ್ ಮುಟ್ಟಬೇಡಿ ಅಂದರು ವೈದ್ಯರು. ಆಫೀಸಿನಲ್ಲಿ ಕೋಡ್ ಬರೆಯೋದೂ ಎಡವಟ್ಟಾಯ್ತು. ಹವ್ಯಾಸಕ್ಕೆ ತಂದ ವಸ್ತು ಹೊಟ್ಟೆಪಾಡಿಗೇ ಕೈ ಹಾಕಿತ್ತು. ಆಮೇಲೆ ಸಮಾಧಾನವಾಗಿ ಕೂತು ಲೆಕ್ಕ ಹಾಕಿದೆ.

ತೂಕ

ತಂತಿ ಕಂಪಿಸುವಾಗ ಅದರ ಒಂದು ತುದಿಯೇ ಬಾರ್. ಬಾರ್ ಹಗುರಾಗಿದ್ದರೆ ತಾನೂ ಅಲುಗಾಡಿ ಕಂಪನವನ್ನ ನುಂಗಿಬಿಡುತ್ತೆ, ದನಿ ಬೇಗ ಸಾಯುತ್ತೆ. ಭಾರದ ಬಾರನ್ನ ಒತ್ತಬೇಕಾಗಿಲ್ಲ, ತನ್ನ ತೂಕದಿಂದಲೇ ಕೂರುತ್ತೆ.

ಉಕ್ಕಿನ ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು 7.85 ಗ್ರಾಂ. ಆ ಲೆಕ್ಕದಲ್ಲಿ:

• 0.75 ಇಂಚು ದಪ್ಪ, 2.875 ಇಂಚು ಉದ್ದ: ಸುಮಾರು 160 ಗ್ರಾಂ
• 0.875 ಇಂಚು ದಪ್ಪ, 3.25 ಇಂಚು ಉದ್ದ: ಸುಮಾರು 250 ಗ್ರಾಂ
• 1 ಇಂಚು ದಪ್ಪ, 3.375 ಇಂಚು ಉದ್ದ: ಸುಮಾರು 340 ಗ್ರಾಂ

ದಪ್ಪ ಹೆಚ್ಚಿದ್ದು ಕಾಲು ಇಂಚು, ತೂಕ ಮಾತ್ರ ಎರಡು ಪಟ್ಟು! ಕೊನೆಯ ಅಳತೆ ಹತ್ತು ತಂತಿಯ ಪೆಡಲ್ ಸ್ಟೀಲ್ ನುಡಿಸೋರಿಗೆ ಹೊಂದುತ್ತೆ. ಆರು ತಂತಿಯವರು ಮೊದಲನೆಯದರಿಂದ ಶುರುಮಾಡಿ, ಕೈ ಪಳಗಿದ ಮೇಲೆ ಎರಡನೆಯದಕ್ಕೆ ಹೋಗಬಹುದು. ಬಾರ್ ಆರೂ ತಂತಿಗಳನ್ನ ಮುಚ್ಚುವಷ್ಟು ಉದ್ದವಿದ್ದರೆ ಸಾಕು.

ಆಕಾರ

ಒಂದು ತುದಿ ಗುಂಡಗಿರೋದು ಬುಲೆಟ್ ಬಾರ್. ಒಂದೇ ತಂತಿಯ ಮೇಲೆ ಆ ಮೂತಿಯನ್ನ ಜಾರಿಸಿದರೆ ಮೀಂಡ್ ಸಲೀಸು. ಸ್ಟೀವನ್ಸ್ ಮಾದರಿಯ ಬಾರ್‌ಗೆ ಪಕ್ಕಗಳಲ್ಲಿ ಬೆರಳು ಕೂರುವ ತೋಡು ಇರುತ್ತೆ. ಬಾರನ್ನ ಪಟಪಟನೆ ಎತ್ತಿ ಇಳಿಸಿ ನುಡಿಸೋರಿಗೆ ಇದು ಅನುಕೂಲ. ನಮ್ಮ ಕೊಪ್ಪಳ ಕಡೆಯ ಬಿಸಿಲಿಗೆ ಬೆವರುವ ಕೈಯಿಂದ ಜಾರೋದೂ ಇಲ್ಲ.

ಮೈ

ಬೇರೆ ವಾದ್ಯಗಳಲ್ಲಿ ಬೇರೆ ವಸ್ತು. ವಿಚಿತ್ರವೀಣೆಗೆ ಗಾಜಿನ ಬಟ್ಟ, ಗೋಟುವಾದ್ಯಕ್ಕೆ ಸಾಂಪ್ರದಾಯಿಕವಾಗಿ ಕರಿಮರದ ಕೊರಡು. ಗಿಟಾರ್ ಕಲಿಯೋರಿಗೆ ಸ್ಟೇನ್‌ಲೆಸ್ ಸ್ಟೀಲ್ ಒಳ್ಳೇದು, ಲೇಪನ ಏಳುವ ಭಯವಿಲ್ಲ. ಕೊಳ್ಳುವಾಗ ಉಗುರಿನಿಂದ ಸವರಿ ನೋಡಿ. ಉಗುರಿಗೆ ಸಿಕ್ಕುವ ಗೀರು ತಂತಿಗೂ ಸಿಕ್ಕುತ್ತೆ. ಕನ್ನಡಿಯ ಮೇಲೆ ಮೆಲ್ಲಗೆ ಉರುಳಿಸಿ, ಕೆಳಗೆ ಬೆಳಕಿನ ಗೆರೆ ಕಂಡರೆ ಬಾರ್ ಸೊಟ್ಟಗಿದೆ ಅಂತ ಅರ್ಥ.

ಇನ್ನೆರಡು ಮಾತು. ಮಾಮೂಲಿ ಗಿಟಾರ್ ಆದರೆ ಮೊದಲು ನಟ್ ಎತ್ತರಿಸಿ ತಂತಿಗಳನ್ನ ಮೇಲೆತ್ತಿ, ಇಲ್ಲದಿದ್ದರೆ ಬಾರ್ ಫ್ರೆಟ್‌ಗೆ ಬಡಿಯುತ್ತೆ. ಬಾರನ್ನ ಫ್ರೆಟ್‌ನ ಹಿಂದಲ್ಲ, ನೇರ ಗೆರೆಯ ಮೇಲೇ ಇಡಿ. ಹಿಂದಿನ ಬೆರಳುಗಳು ತಂತಿಯನ್ನ ಸವರುತ್ತಾ ಬಂದರೆ ಕಿರಿಕಿರಿ ಸದ್ದು ಅಡಗುತ್ತೆ.

ಈಗ ನನ್ನ ಹತ್ತಿರ ಇರೋದು 160 ಗ್ರಾಂನ ಬುಲೆಟ್. ದಿನಕ್ಕೆ ಅರ್ಧ ಗಂಟೆ, ಅಷ್ಟೇ. ನೋವಿಲ್ಲ. ಈ ಸಲ ಊರಿಗೆ ಹೋದಾಗ ಅದೇ ಪಡಸಾಲೆಯಲ್ಲಿ ಕೂತು ಭೂಪ್ ನುಡಿಸಿದೆ. ಕಾಕಾ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ "ಈಗ ಹಾಡಾಕತ್ತೈತಿ ನೋಡು" ಅಂದರು. ನಾನು ಹಿಗ್ಗುವಷ್ಟರಲ್ಲಿ ಇನ್ನೊಂದು ಮಾತು ಬಂತು: "ಗಾಂಧಾರ ಮಾತ್ರ ಒಂಚೂರು ಇಳಿದೈತಿ, ತಮ್ಮಾ."

ಅದಕ್ಕೆ ಯಾವ ಅಂಗಡಿಯಲ್ಲೂ ಬಾರ್ ಸಿಗಲ್ಲ.