ಕಂಪ್ಯೂಟರಿಗೂ ಒಂದು ಹೆಸರಿಡಿ



ಸಂಘದ ಸಾಲದ ಪಟ್ಟಿಯನ್ನು ಮೊಬೈಲಿನಿಂದ ಬ್ಲೂಟೂತ್ ಮೂಲಕ ಕಂಪ್ಯೂಟರಿಗೆ ಕಳಿಸಲು ಹೋದರೆ ಪರದೆಯಲ್ಲಿ ನಾಲ್ಕಾರು ಹೆಸರು ಕಾಣುತ್ತವೆ. ನಮ್ಮದು ಯಾವುದು? ತಪ್ಪಿ ಬೇರೆಯವರದನ್ನು ಒತ್ತಿ, ಅವರೂ ಒಪ್ಪಿಕೊಂಡರೆ ಸದಸ್ಯರ ಲೆಕ್ಕವೆಲ್ಲ ಪರರ ಕೈಗೆ! ಆದ್ದರಿಂದ ನಮ್ಮ ಕಂಪ್ಯೂಟರಿಗೆ ಗುರುತು ಸಿಗುವ ಹೆಸರಿಡೋಣ.

ವಿಂಡೋಸ್ 11ರಲ್ಲಿ ‘ಸೆಟ್ಟಿಂಗ್ಸ್’, ‘ಸಿಸ್ಟಮ್’, ‘ಅಬೌಟ್’ ತೆರೆದು ‘ರಿನೇಮ್ ದಿಸ್ ಪಿಸಿ’ ಒತ್ತಿ. ಇಂಗ್ಲಿಷ್ ಅಕ್ಷರ, ಅಂಕೆ, ಅಡ್ಡಗೆರೆ ಸಾಕು. ನಡುವೆ ಜಾಗ ಬಿಡಬೇಡಿ. ಒಟ್ಟು 15 ಮೀರದಿರಲಿ. ‘ರೀಸ್ಟಾರ್ಟ್’ ಮಾಡಿದ ಮೇಲೆಯೇ ಹೊಸ ಹೆಸರು ಬರುತ್ತೆ.

ಈ ಹೆಸರು ಅಕ್ಕಪಕ್ಕದವರಿಗೂ ಕಾಣಬಹುದು. ಯಾರ ಫೋನ್ ನಂಬರೂ ಅದರಲ್ಲಿ ಬೇಡ. ಅದೇ ಹೆಸರನ್ನು ಬೇರೆಯವರೂ ಇಟ್ಟುಕೊಳ್ಳಬಹುದು. ಹಾಗಾಗಿ ಮೊದಲ ಸಲ ಜೋಡಿಸುವಾಗ ಮೊಬೈಲ್, ಕಂಪ್ಯೂಟರ್ ಎರಡರಲ್ಲೂ ಬರುವ 6 ಅಂಕೆ ಒಂದೇನಾ ಅಂತ ನೋಡಿಯೇ ಒಪ್ಪಿಗೆ ಕೊಡಿ.