ವ್ಯಾನ್ ಹೋದ ಮೇಲೆ ನಾಯಿಗೇನಾಗುತ್ತದೆ?

ಚೆನ್ನೈ ಸುತ್ತಮುತ್ತಲಿನ ಯಾವ ಅಪಾರ್ಟ್‌ಮೆಂಟ್‌ನ ವಾಟ್ಸ್‌ಆ್ಯಪ್ ಗುಂಪು ತೆರೆದರೂ ಮೂರು ಜಗಳ ಇದ್ದೇ ಇರುತ್ತವೆ: ನೀರಿನ ಲಾರಿ, ಪಾರ್ಕಿಂಗ್, ಬೀದಿನಾಯಿ. ಪುಣೆ, ಹೈದರಾಬಾದಿನಲ್ಲಿರುವ ಗೆಳೆಯರನ್ನು ಕೇಳಿದರೆ ಅಲ್ಲೂ ಇದೇ ಕಥೆ. ಅನ್ನ ಹಾಕುವವರು ಒಂದು ಕಡೆ, ಮಕ್ಕಳನ್ನು ಶಾಲೆ ಬಸ್ಸಿಗೆ ಬಿಡಲು ಕೋಲು ಹಿಡಿದು ಬರುವವರು ಇನ್ನೊಂದು ಕಡೆ. ನಾಯಿ ಹಿಡಿಯುವ ವ್ಯಾನ್ ಬಂದು ಹೋದ ದಿನ ಜಗಳ ತಣ್ಣಗಾಗುತ್ತದೆ. ಆ ವ್ಯಾನ್ ಎಲ್ಲಿಗೆ ಹೋಯಿತು, ಅಲ್ಲಿ ನಾಯಿಗೆ ಏನು ಮಾಡಿದರು ಎಂದು ಎರಡೂ ಗುಂಪಿನವರು ಕೇಳುವುದಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದ ಹಾಗೆ.

ನಾನು ಹಾಸನದವನು. ಹನ್ನೆರಡು ವರ್ಷಗಳಿಂದ ಚೆನ್ನೈ ಹೊರವಲಯದ ಔಷಧ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿದ್ದೇನೆ. ರಿಜಿಸ್ಟರ್ ಓದುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ನಮ್ಮ ಬೀದಿಯ ನಾಯಿಗಳ ವಿಷಯ ನನ್ನ ಬಳಿಗೆ ಬಂದದ್ದೂ ಒಂದು ರಿಜಿಸ್ಟರ್‌ನ ಮೂಲಕವೇ.

ಕಳೆದ ವರ್ಷ ನಮ್ಮ ಬೀದಿಯಿಂದ ಏಳು ನಾಯಿಗಳನ್ನು ಸಂತಾನಹರಣ ಶಸ್ತ್ರಚಿಕಿತ್ಸೆಗೆಂದು ಹಿಡಿದೊಯ್ದರು. ಎರಡು ವಾರದೊಳಗೆ ನಾಲ್ಕು ವಾಪಸ್ ಬಂದವು. ಒಂದರ ಹೊಟ್ಟೆಯ ಹೊಲಿಗೆ ಬಿಟ್ಟು ಕೀವು ಸೋರುತ್ತಿತ್ತು. ಉಳಿದ ಮೂರರ ಸುಳಿವಿಲ್ಲ. ಅವುಗಳ ಬದಲಿಗೆ, ಬೀದಿಯಲ್ಲಿ ಯಾರೂ ಕಂಡಿರದ ಎರಡು ಹೊಸ ನಾಯಿಗಳನ್ನು ಇಳಿಸಿ ಹೋಗಿದ್ದರು. ಜಾಗ ಗೊತ್ತಿಲ್ಲದ, ಜನ ಗೊತ್ತಿಲ್ಲದ, ಹಳೆಯ ನಾಯಿಗಳಿಂದ ಕಚ್ಚಿಸಿಕೊಂಡು ಕಾರಿನಡಿ ಅಡಗಿರುತ್ತಿದ್ದ ಪ್ರಾಣಿಗಳು. ನಾಲ್ಕನೆಯ ದಿನ ಅವುಗಳಲ್ಲಿ ಒಂದು, ಮೂರನೇ ಮಹಡಿಯ ನಿವೃತ್ತ ಬ್ಯಾಂಕ್ ಅಧಿಕಾರಿಯ ಮೊಮ್ಮಗನ ಮೀನಖಂಡಕ್ಕೆ ಬಾಯಿ ಹಾಕಿತು. ನಾಯಿಯ ಕಿವಿಗೆ ಕತ್ತರಿಯ ಗುರುತಿತ್ತು, ಅಂದರೆ ಶಸ್ತ್ರಚಿಕಿತ್ಸೆಯೂ ಲಸಿಕೆಯೂ ಆಗಿರಬೇಕು. ಆಸ್ಪತ್ರೆಯ ವೈದ್ಯರು, "ಕಿವಿ ನೋಡಿ ನಾನು ಹುಡುಗನನ್ನು ಮನೆಗೆ ಕಳಿಸೋಕಾಗಲ್ಲ" ಎಂದು ಅಂದೇ ಚುಚ್ಚುಮದ್ದು ಶುರು ಮಾಡಿದರು. ಅವರು ಮಾಡಿದ್ದು ಸರಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಆ ವಾರ ಎಂದೂ ಮಾತಾಡದ ಇಬ್ಬರು ಒಟ್ಟಿಗೆ ನಮ್ಮ ಮನೆಗೆ ಬಂದರು. ಒಬ್ಬರು ಆ ಹುಡುಗನ ತಾತ. ಇನ್ನೊಬ್ಬರು ದಿನವೂ ನಾಯಿಗಳಿಗೆ ಮೊಸರನ್ನ ಹಾಕುವ ಕೆಳಮನೆಯ ಮಾಮಿ. ತಾತನಿಗೆ ಬೇಕಿದ್ದದ್ದು ಲಸಿಕೆಯ ದಾಖಲೆ. ಮಾಮಿಗೆ ಬೇಕಿದ್ದದ್ದು ಮೂರು ನಾಯಿಗಳು. ಎರಡಕ್ಕೂ ಉತ್ತರ ಇರುವುದು ಒಂದೇ ಗೇಟಿನ ಹಿಂದೆ.

ನಿಯಮ ಏನು ಹೇಳುತ್ತದೆ

ಬೀದಿನಾಯಿ ವಿಷಯದಲ್ಲಿ ನಮ್ಮಲ್ಲಿ ಕಾನೂನಿಗೆ ಬರವಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 2001ರಲ್ಲಿ ಎಬಿಸಿ, ಅಂದರೆ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬಂದವು. 2023ರಲ್ಲಿ ಅವುಗಳ ಜಾಗಕ್ಕೆ ಇನ್ನೂ ಬಿಗಿಯಾದ ಹೊಸ ನಿಯಮಗಳು ಬಂದವು. ನಾಯಿ ಹಿಡಿಯುವ ಸಂಸ್ಥೆಗೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇರಬೇಕು. ಶಸ್ತ್ರಚಿಕಿತ್ಸೆಯ ನಂತರ ಕನಿಷ್ಠ ನಾಲ್ಕು ದಿನ ಆರೈಕೆ ಮಾಡಬೇಕು, ರೇಬೀಸ್ ಲಸಿಕೆ ಹಾಕಬೇಕು, ಹಿಡಿದ ಜಾಗದಲ್ಲೇ ಬಿಡಬೇಕು. ಕೇಂದ್ರದಲ್ಲಿ ಸಿಸಿಟಿವಿ ಕ್ಯಾಮೆರಾ ಇರಬೇಕು. ಇದೆಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಸ್ಥಳೀಯ ಮೇಲ್ವಿಚಾರಣಾ ಸಮಿತಿಯೊಂದು ಇರಬೇಕು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಗಳನ್ನು ಕಾಪಿಟ್ಟು, ಎಣಿಸಿ, ಆಮೇಲಷ್ಟೇ ಬಿಲ್ ಪಾಸು ಮಾಡುವ ಪದ್ಧತಿಯೂ ಇದೆ. ಕೇಳಲು ಹೇಸಿಗೆ ಎನಿಸಬಹುದು. ಆದರೆ ಮಾಡದ ಶಸ್ತ್ರಚಿಕಿತ್ಸೆಗೆ ಹಣ ಹೋಗದಂತೆ ತಡೆಯಲು ಇದಕ್ಕಿಂತ ನೇರವಾದ ದಾರಿಯಿಲ್ಲ.

ಹಿಡಿದ ಜಾಗದಲ್ಲೇ ಬಿಡಬೇಕೆನ್ನುವುದು ನಾಯಿಯ ಮೇಲಿನ ಮಮಕಾರಕ್ಕಷ್ಟೇ ಮಾಡಿದ ನಿಯಮವಲ್ಲ. ಒಂದು ಪ್ರದೇಶದ ಶೇ 70ರಷ್ಟು ನಾಯಿಗಳಿಗೆ ಲಸಿಕೆ ಬಿದ್ದರೆ ರೇಬೀಸ್ ಹರಡುವ ಸರಪಳಿ ತುಂಡಾಗುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಲಸಿಕೆ ಬಿದ್ದ ನಾಯಿ ತನ್ನ ಬೀದಿಯಲ್ಲಿದ್ದರೆ ಹೊರಗಿನ ನಾಯಿಯನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದನ್ನು ಇನ್ನೆಲ್ಲೋ ಬಿಟ್ಟರೆ ಎರಡು ಬೀದಿಗಳೂ ಕೆಡುತ್ತವೆ.

ಸಾವೇ ಇಲ್ಲದ ರಿಜಿಸ್ಟರ್

ನಾವು ಮೂವರೂ ಕೇಂದ್ರದ ಗೇಟಿಗೆ ಹೋದೆವು. "ಒಳಗೆ ಬಿಡೋ ಹಾಗಿಲ್ಲ ಸಾರ್, ಮೇಲಿನವರ ಆರ್ಡರ್" ಎಂದರು. ಒಳಗಿಂದ ಬೊಗಳುವ ಸದ್ದು, ಫಿನಾಯಿಲಿನ ವಾಸನೆ ಬಿಟ್ಟರೆ ಬೇರೇನೂ ಸಿಗಲಿಲ್ಲ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆ. ಪ್ರತಿ ಕೊಡಿ ಎಂದು ಕೇಳಲಿಲ್ಲ, ದಾಖಲೆಯನ್ನು ಖುದ್ದು ಪರಿಶೀಲಿಸಲು ಬಿಡಿ ಎಂದು ಕೇಳಿದೆ. 2005ರ ಕಾಯ್ದೆಯ 2(ಜೆ) ಕಲಮು ಆ ಹಕ್ಕನ್ನು ಕೊಡುತ್ತದೆ. ಒಂದೂವರೆ ತಿಂಗಳ ಮೇಲೆ ಬುಲಾವ್ ಬಂತು.

ಸುಳ್ಳು ದಾಖಲೆಗೆ ಒಂದು ಲಕ್ಷಣವಿದೆ: ಅದು ಅತಿಯಾಗಿ ಚೊಕ್ಕಟವಾಗಿರುತ್ತದೆ. ಈ ರಿಜಿಸ್ಟರ್‌ನಲ್ಲಿ ಪ್ರತಿದಿನ ಇಪ್ಪತ್ತು ಶಸ್ತ್ರಚಿಕಿತ್ಸೆ. ಭಾನುವಾರವೂ ಇಪ್ಪತ್ತು, ಪೊಂಗಲ್ ದಿನವೂ ಇಪ್ಪತ್ತು. ಒಂದೇ ಪೆನ್ನು, ಒಂದೇ ಕೈಬರಹ. ಆರು ತಿಂಗಳಲ್ಲಿ ಒಂದೇ ಒಂದು ಸಾವಿಲ್ಲ. ಲಸಿಕೆಯ ಬ್ಯಾಚ್ ನಂಬರಿನ ಕಾಲಂ ಖಾಲಿ. ಎಲ್ಲಿ ಬಿಟ್ಟಿರಿ ಎಂಬ ಕಾಲಂನಲ್ಲಿ "ಅದೇ ಜಾಗ", ಅದರ ಕೆಳಗೆ ಪುಟದುದ್ದಕ್ಕೂ ಡಿಟ್ಟೊ ಗುರುತು. ಕ್ಯಾಮೆರಾ ರಿಪೇರಿಗೆ ಹೋಗಿತ್ತು.

ಅಲ್ಲಿದ್ದ ಪಶುವೈದ್ಯ ಇನ್ನೂ ಹುಡುಗ. ಎಷ್ಟು ಗೂಡುಗಳಿವೆ ಎಂದು ಕೇಳಿದೆ. ಮೂವತ್ತು ಎಂದರು. ದಿನಕ್ಕೆ ಇಪ್ಪತ್ತರಂತೆ ನಾಲ್ಕು ದಿನ ಇಟ್ಟುಕೊಂಡರೆ ಎಂಬತ್ತು ಗೂಡು ಬೇಕಲ್ಲವೇ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಲೆಕ್ಕ ನಿಮಗೇ ಗೊತ್ತಲ್ಲ ಸಾರ್" ಎಂದರು.

ಆ ಲೆಕ್ಕದಲ್ಲೇ ಎಲ್ಲವೂ ಇತ್ತು. ಒಂದೋ ಇಪ್ಪತ್ತು ಸುಳ್ಳು, ಇಲ್ಲವೇ ನಾಲ್ಕು ದಿನ ಸುಳ್ಳು. ಗುತ್ತಿಗೆದಾರರಿಗೆ ಹಣ ಸಿಗುವುದು ನಾಯಿಯ ಲೆಕ್ಕದಲ್ಲಿ. ಆರೈಕೆಯ ಪ್ರತಿ ದಿನವೂ ಅವರ ಪಾಲಿಗೆ ಅನ್ನದ ಖರ್ಚು, ಆಳಿನ ಖರ್ಚು, ಮುಂದಿನ ನಾಯಿಗೆ ಸಿಗದ ಗೂಡು. ಎರಡನೇ ದಿನವೇ ಹೊರಗೆ ಬಿಟ್ಟರೆ ಲಾಭ, ಹೊಲಿಗೆ ಬಿಚ್ಚಿದರೆ ನಷ್ಟ ನಾಯಿಗೆ. ಎಲ್ಲಿಂದ ತಂದದ್ದು ಎಂಬ ಚೀಟಿ ತಪ್ಪಿದರೆ ಸಿಕ್ಕ ಬೀದಿಯಲ್ಲಿ ಇಳಿಸಿದರಾಯಿತು. ಅಲ್ಲಿನ ಕೆಲಸಗಾರರು ಕಟುಕರೇನಲ್ಲ. ಕೇಳುವವರಿಲ್ಲದ ಕಡೆ ಕೆಲಸ ನಡೆಯುವುದೇ ಹೀಗೆ.

ಆ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು, ಮೂವರೂ ಸಹಿ ಹಾಕಿ ಮೇಲ್ವಿಚಾರಣಾ ಸಮಿತಿಗೆ ಕೊಟ್ಟೆವು. ತಾತನ ಸಹಿಯ ಪಕ್ಕ ಮಾಮಿಯ ಸಹಿ ಇದ್ದುದರಿಂದ, ಇದು ನಾಯಿಪ್ರಿಯರ ತಕರಾರು ಎಂದು ತಳ್ಳಿಹಾಕಲು ಆಗಲಿಲ್ಲ. ಕ್ಯಾಮೆರಾ ವಾಪಸ್ ಬಂತು. ನಾಯಿಯ ಕೊರಳಿಗೆ ಬೀದಿಯ ಹೆಸರಿನ ಟ್ಯಾಗ್ ಕಟ್ಟತೊಡಗಿದರು. ಇಪ್ಪತ್ತು ಎಂಬ ಸಂಖ್ಯೆ ಏಳು, ಎಂಟಕ್ಕೆ ಇಳಿಯಿತು. ಸಾವಿನ ಕಾಲಂನಲ್ಲಿ ಮೊದಲ ಬಾರಿಗೆ ಅಂಕಿ ಕಾಣಿಸಿತು. ಕಾಣೆಯಾದ ಮೂರು ನಾಯಿಗಳು ಸಿಗಲಿಲ್ಲ.

ಮದ್ರಾಸಿನ ಹಳೆಯ ದಾರಿ

ಕೊಲ್ಲುವ ಬದಲು ಸಂತಾನ ತಡೆಯೋಣ ಎಂಬ ವಿಚಾರ ನಮ್ಮ ದೇಶದಲ್ಲಿ ಬೇರುಬಿಟ್ಟದ್ದು ಇದೇ ಊರಿನಲ್ಲಿ. ಆಗ ಮದ್ರಾಸ್ ಪಾಲಿಕೆ ನಾಯಿಗಳನ್ನು ವಿದ್ಯುತ್ ಹಾಯಿಸಿ ಕೊಲ್ಲುತ್ತಿತ್ತು. 1959ರಲ್ಲಿ ಕ್ಯಾಪ್ಟನ್ ವಿ. ಸುಂದರಂ ಇಲ್ಲಿ ಬ್ಲೂ ಕ್ರಾಸ್ ಸಂಸ್ಥೆ ಕಟ್ಟಿದರು. ಅದಕ್ಕೂ ಮೊದಲು ಅವರು ಮೈಸೂರು ಮಹಾರಾಜರ ವಿಮಾನದ ಪೈಲಟ್ ಆಗಿದ್ದವರು. ಅವರ ಪತ್ನಿ ಉಷಾ ಸುಂದರಂ ವಿಮಾನ ಹಾರಿಸಲು ಕಲಿತದ್ದು ಬೆಂಗಳೂರಿನ ಜಕ್ಕೂರಿನಲ್ಲಿ. 1960ರ ದಶಕದಿಂದ ಆ ಸಂಸ್ಥೆ ಹೇಳುತ್ತಲೇ ಬಂದ ದಾರಿಗೆ ಪಾಲಿಕೆ ಕೈಜೋಡಿಸಲು 1990ರ ದಶಕ ಬರಬೇಕಾಯಿತು. ಅಷ್ಟು ಕಷ್ಟಪಟ್ಟು ಬಂದ ದಾರಿಯನ್ನು ಒಂದು ಡಿಟ್ಟೊ ಗುರುತು ಹಾಳುಮಾಡಬಲ್ಲದು.

ಈಗ ಈ ಪ್ರಶ್ನೆ ಇನ್ನೂ ದೊಡ್ಡದಾಗಿದೆ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿ ಸುತ್ತಿನ ನಾಯಿಗಳನ್ನೆಲ್ಲ ಶೆಲ್ಟರಿಗೆ ಸೇರಿಸಿ ಎಂದಿತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿ, ರೇಬೀಸ್ ತಗಲಿದ ಮತ್ತು ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಉಳಿದವನ್ನು ಹಿಡಿದ ಜಾಗದಲ್ಲೇ ಬಿಡಿ ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿ ಬಿಡಬಾರದು ಎಂದು ಆದೇಶಿಸಿತು. ಅಂದರೆ ನಾಲ್ಕು ದಿನದ ಆಸ್ಪತ್ರೆಯಾಗಿದ್ದ ಕೇಂದ್ರ ಕೆಲವು ನಾಯಿಗಳಿಗೆ ಇನ್ನು ಜೀವಮಾನದ ಮನೆ. ನಾಲ್ಕು ದಿನವನ್ನೇ ನಿಭಾಯಿಸದ ಕಡೆ ಹತ್ತು ವರ್ಷ ಹೇಗೆ? ಈ ಪ್ರಶ್ನೆಯನ್ನು ಈಗಲೇ ಕೇಳಬೇಕು.

"ನಾವು ಹೊರಗಿನವರು, ನಮಗ್ಯಾಕೆ" ಎನ್ನುವುದು ಪರಊರಿನ ಕನ್ನಡಿಗರ ಹಳೆಯ ಮಾತು. ಮಾಹಿತಿ ಹಕ್ಕಿಗೆ ಆ ಊರಿನ ವೋಟರ್ ಕಾರ್ಡ್ ಬೇಡ, ಭಾರತದ ನಾಗರಿಕರಾಗಿದ್ದರೆ ಸಾಕು. ತಮಿಳೋ ಮರಾಠಿಯೋ ಬಾರದಿದ್ದರೆ ಅರ್ಜಿಯನ್ನು ಇಂಗ್ಲಿಷಿನಲ್ಲೇ ಬರೆಯಬಹುದು. ಕೇಳಬೇಕಾದದ್ದು ಇಷ್ಟೇ: ಸಂಸ್ಥೆಗೆ ಮಾನ್ಯತೆ ಪತ್ರ ಇದೆಯೇ? ಗೂಡುಗಳೆಷ್ಟು, ದಿನಕ್ಕೆ ಶಸ್ತ್ರಚಿಕಿತ್ಸೆ ಎಷ್ಟು? ಸತ್ತವೆಷ್ಟು? ಲಸಿಕೆಯ ಬ್ಯಾಚ್ ನಂಬರ್ ಯಾವುದು? ಮೇಲ್ವಿಚಾರಣಾ ಸಮಿತಿ ಕೊನೆಯ ಸಲ ಸೇರಿದ್ದು ಯಾವಾಗ?

ಅರ್ಜಿಯ ಗೋಜೇ ಬೇಡ ಎನ್ನುವವರು ಬೆಳಗಿನ ವಾಕಿಂಗ್‌ನಲ್ಲಿ ನಿಮ್ಮ ಬೀದಿಯ ನಾಯಿಗಳ ಕಿವಿ ಎಣಿಸಿ. 2023ರ ಗಣತಿಯಂತೆ ಬೆಂಗಳೂರಿನಲ್ಲಿದ್ದದ್ದು ಸುಮಾರು 2.79 ಲಕ್ಷ ಬೀದಿನಾಯಿಗಳು, ಅವುಗಳಲ್ಲಿ ಶೇ 71ಕ್ಕೂ ಹೆಚ್ಚು ನಾಯಿಗಳಿಗೆ ಶಸ್ತ್ರಚಿಕಿತ್ಸೆ ಆಗಿತ್ತು. ನೀವಿರುವ ಊರಿನ ಕಡತವೂ ಹಾಗೇ ಹೇಳುತ್ತಿದ್ದರೆ, ನಿಮ್ಮ ಬೀದಿಯ ಹತ್ತು ನಾಯಿಗಳಲ್ಲಿ ಏಳರ ಕಿವಿಗಾದರೂ ಗುರುತಿರಬೇಕು. ಮೂರಕ್ಕಷ್ಟೇ ಇದ್ದರೆ, ಉಳಿದ ನಾಲ್ಕರ ಬಿಲ್ ಯಾರು ಪಾಸು ಮಾಡಿದರು ಎಂದು ಕೇಳಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈಗ ತಿಂಗಳಿಗೊಮ್ಮೆ ಆ ಎಣಿಕೆ ಮಾಡುವವರು ಮೂರನೇ ಮಹಡಿಯ ತಾತ. ನಾಯಿಗಳ ಮೇಲೆ ಅವರಿಗೆ ಪ್ರೀತಿಯೇನೂ ಹುಟ್ಟಿಲ್ಲ. ಪಟ್ಟಿಯನ್ನು ಮಾಮಿಗೆ ತಪ್ಪದೆ ಕಳಿಸುತ್ತಾರೆ.