ಚಾರ್ಮಾಡಿ ಇಳಿಯುವ ಮುನ್ನ ಬ್ರೇಕ್ ನೋಡಿ

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯುತ್ತಿದ್ದೀರಿ. ಅರ್ಧ ಘಾಟಿಯಲ್ಲಿ ಸುಟ್ಟ ವಾಸನೆ. ಬ್ರೇಕ್ ಪೆಡಲ್ ಮೆತ್ತಗೆ ಒಳಗೆ ಹೋಗುತ್ತಿದೆ.

ರೇಸ್ ಟ್ರ್ಯಾಕಿನಲ್ಲೂ ಹೀಗೇ ಆಗುತ್ತದೆ. ಆದರೆ ಅಲ್ಲಿ ನೇರ ದಾರಿ ಸಿಕ್ಕಾಗ ಡಿಸ್ಕ್ ಗಾಳಿಗೆ ತಣಿಯುತ್ತದೆ. ಘಾಟಿಯಲ್ಲಿ ಬ್ರೇಕ್ ಮೇಲಿನ ಕಾಲು ತೆಗೆಯದಿದ್ದರೆ ಆ ಬಿಡುವೇ ಇಲ್ಲ, ಬಿಸಿ ಬ್ರೇಕ್ ಆಯಿಲಿಗೂ ಏರುತ್ತದೆ.

ಹೊಸ ಡಾಟ್ 4 ಬ್ರೇಕ್ ಆಯಿಲ್ 230 ಡಿಗ್ರಿವರೆಗೂ ಕುದಿಯದು. ಆದರೆ ಅದು ತೇವ ಹೀರುತ್ತದೆ, ನೀರು ಸೇರಿದರೆ 155ರ ಹೊತ್ತಿಗೇ ಕುದಿಯಬಹುದು. ಕುದಿದರೆ ಗುಳ್ಳೆ, ಗುಳ್ಳೆ ಬಂದರೆ ಬ್ರೇಕ್ ಹಿಡಿಯದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮಳೆಗೆ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಲೇಬೇಕು.

ಕಾರು ತಣ್ಣಗಿದ್ದಾಗ ಡಿಸ್ಕಿನ ಅಂಚಿಗೆ ಉಗುರು ತಾಗಿಸಿ. ಏಣು ಸಿಕ್ಕಿತೇ? ಡಿಸ್ಕ್ ಸವೆದಿದೆ, ಗ್ಯಾರೇಜಿನಲ್ಲಿ ಅಳೆಸಿ. ಪ್ಯಾಡ್ 3 ಮಿಲಿಮೀಟರಿಗೆ ಇಳಿದಿದ್ದರೆ ಹೊಸದು ಹಾಕಿಸಿ. ಮಳೆಗಾಲದ ಬೆಳಗ್ಗೆ ಕಾಣುವ ತೆಳು ತುಕ್ಕಿಗೆ ಹೆದರಬೇಡಿ, ನಾಲ್ಕು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ.

ಇಳಿಜಾರಿನಲ್ಲಿ ಎರಡನೇ ಗೇರ್ ಇರಲಿ. ವಾಸನೆ ಬಂತೆಂದರೆ ಅಗಲ ಜಾಗ ನೋಡಿ ನಿಲ್ಲಿಸಿ. ಕಾದ ಡಿಸ್ಕಿಗೆ ದಯವಿಟ್ಟು ನೀರು ಎರಚಬೇಡಿ, ಬಿರುಕು ಬಿಡಬಹುದು. ಅರ್ಧ ಗಂಟೆ ಕಾದು, ಪೆಡಲ್ ಗಟ್ಟಿಯಾದ ಮೇಲೆಯೇ ಉಜಿರೆ ಕಡೆ ಹೊರಡಿ.